ಜಾರ್ಜ್ ಫಾರ್ಮ್‌ಬಿ: ಕಿಟಕಿ ಒರೆಸುವವನ ಹಾಡು ಮತ್ತು ಬಲಗೈಯ ಕಸುಬು

ನಗೆಹಾಡಿಗೆ ಹುಟ್ಟಿನಿಂದಲೇ ಒಂದು ಕಷ್ಟ ಅಂಟಿಕೊಂಡಿರುತ್ತದೆ. ಮೊದಲ ಸಲ ಕೇಳಿದಾಗ ಗಹಗಹಿಸಿ ನಗಿಸಿದ ಸಾಲು ಎರಡನೆಯ ಸಲಕ್ಕೆ ಮುಗುಳ್ನಗೆಗೆ ಇಳಿಯುತ್ತದೆ; ಮುಂದೆ ಆ ಸಾಲು ಬರುವ ಮುಂಚೆಯೇ ಮನಸ್ಸು ಬೇರೆಲ್ಲೋ ಹೋಗಿರುತ್ತದೆ. ಆದ್ದರಿಂದಲೇ ಇಂಥ ಹಾಡುಗಳನ್ನು ಹಾಡಿ ಬದುಕಿದವರಲ್ಲಿ ಬಹುಪಾಲು ಜನರ ಹೆಸರು ಅವರ ಕಾಲದೊಂದಿಗೇ ಅಳಿಸಿಹೋಗಿದೆ. ಇಂಗ್ಲೆಂಡಿನ ಜಾರ್ಜ್ ಫಾರ್ಮ್‌ಬಿ ಅವರ ಧ್ವನಿಮುದ್ರಿಕೆಗಳನ್ನು ನಾನು ಬಹಳ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಅವುಗಳ ಹಾಸ್ಯದ ಸಾಲುಗಳೆಲ್ಲ ನನಗೆ ಈಗ ಬಾಯಿಪಾಠವಾಗಿವೆ, ಅವುಗಳಲ್ಲಿ ಕೆಲವು ನಗು ತರಿಸುವುದನ್ನೂ ನಿಲ್ಲಿಸಿವೆ, ಆದರೂ ಕೇಳುವ ಆಸೆ ಮಾತ್ರ ಕಡಿಮೆಯಾಗಿಲ್ಲ. ಅದಕ್ಕೆ ಕಾರಣ ಅವರ ಮಾತಿಗಿಂತ ಹೆಚ್ಚಾಗಿ ಅವರ ಬಲಗೈಯಲ್ಲಿದೆ ಎಂಬುದು ನನ್ನ ಬಲವಾದ ನಂಬಿಕೆ. ಫಾರ್ಮ್‌ಬಿ ಅವರನ್ನು ಹಲ್ಲು ಕಿರಿಯುವ ಹಾಸ್ಯನಟ ಎಂದು ಮಾತ್ರ ನೆನೆಯುವವರು ಅವರ ಅರ್ಧ ಪ್ರತಿಭೆಯನ್ನು ಕೈಬಿಡುತ್ತಾರೆ.

ಅವರು ಹುಟ್ಟಿದ್ದು 1904ರ ಮೇ 26ರಂದು, ಲ್ಯಾಂಕಾಶೈರಿನ ಕಲ್ಲಿದ್ದಲ ಗಣಿಗಳ ಪಟ್ಟಣವಾದ ವಿಗನ್‌ನಲ್ಲಿ. ಇಟ್ಟ ಹೆಸರು ಜಾರ್ಜ್ ಹೋಯ್ ಬೂತ್. ತಂದೆಯೂ ರಂಗದ ಮೇಲೆ ಜಾರ್ಜ್ ಫಾರ್ಮ್‌ಬಿ ಎಂಬ ಹೆಸರಿನಿಂದಲೇ ಪ್ರಸಿದ್ಧರಾಗಿದ್ದ ಮ್ಯೂಸಿಕ್ ಹಾಲ್ ಹಾಸ್ಯಗಾರರು. ‘ಜಾನ್ ವಿಲ್ಲಿ’ ಎಂಬ ಪೆದ್ದು ಹುಡುಗನ ಪಾತ್ರವನ್ನು ಕಟ್ಟಿ ದೇಶವನ್ನೆಲ್ಲ ನಗಿಸಿದವರು. ಕ್ಷಯರೋಗಿಯಾಗಿದ್ದ ಅವರಿಗೆ ರಂಗದ ಮೇಲೆಯೇ ಕೆಮ್ಮು ಬರುತ್ತಿತ್ತು. ಅದನ್ನು ಅಡಗಿಸಲು ಸಾಧ್ಯವಿಲ್ಲವೆಂದು ತಿಳಿದಾಗ ಅವರು ಅದನ್ನೇ ಹಾಸ್ಯದ ಸಾಮಗ್ರಿಯನ್ನಾಗಿ ಮಾಡಿಕೊಂಡು, ಈ ರಾತ್ರಿ ಕೆಮ್ಮು ಚೆನ್ನಾಗಿ ಬರುತ್ತಿದೆ ಎಂದು ಪ್ರೇಕ್ಷಕರಿಗೆ ಹೇಳುತ್ತಿದ್ದರು. ಆ ಕಾಯಿಲೆಯೇ 1921ರ ಫೆಬ್ರವರಿಯಲ್ಲಿ ಅವರನ್ನು ಕೊಂದಿತು. ವೆರೈಟಿ ರಂಗಭೂಮಿಯ ಬದುಕು ಎಷ್ಟು ಕಠಿಣವಾಗಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಒಂದೇ ಸಂಜೆ ಎರಡು ಪ್ರದರ್ಶನಗಳು, ವಾರಕ್ಕೊಂದು ಊರು, ಹಾಡುಗಾರರು, ಜಾದೂಗಾರರು, ದೊಂಬರಾಟದವರು, ನರ್ತಕಿಯರು ಸಾಲಾಗಿ ಬಂದು ಹೋಗುವ ಪಟ್ಟಿಯಲ್ಲಿ ತನಗೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಜನರನ್ನು ಗೆಲ್ಲಬೇಕಾದ ಒತ್ತಡ. ಗೆಲ್ಲದವನಿಗೆ ಮುಂದಿನ ವಾರ ಕರೆ ಬರುತ್ತಿರಲಿಲ್ಲ.

ಮನೆಯಲ್ಲಿ ಒಬ್ಬ ಪೆದ್ದ ಸಾಕು ಎಂಬುದು ತಂದೆಯ ನಿಲುವಾಗಿತ್ತಂತೆ. ಮಗ ರಂಗಕ್ಕೆ ಬರಬಾರದೆಂದು ಅವರು ಹಟ ಹಿಡಿದಿದ್ದರು. ತಮ್ಮ ಪ್ರದರ್ಶನಗಳನ್ನು ಮಗ ನೋಡುವುದಕ್ಕೂ ಅವರ ಒಪ್ಪಿಗೆ ಇರಲಿಲ್ಲ. ಏಳು ವರ್ಷದ ಬಾಲಕನನ್ನು ಕುದುರೆ ಲಾಯಕ್ಕೆ ಜಾಕಿಯ ತರಬೇತಿಗೆ ಕಳುಹಿಸಲಾಯಿತು. ಹತ್ತನೆಯ ವಯಸ್ಸಿಗೇ ಅವರು ಪಂದ್ಯದಲ್ಲಿ ಕುದುರೆ ಓಡಿಸಿದರು, ಆದರೆ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಶಾಲೆಯ ಓದು ಅಲ್ಲಿಗೆ ನಿಂತುಹೋಯಿತು. ಓದುಬರಹದಲ್ಲಿ ಅವರು ಬದುಕಿನುದ್ದಕ್ಕೂ ಹಿಂದೆ ಉಳಿದರು.

ತಂದೆ ತೀರಿಕೊಂಡ ಮೇಲೆ ತಾಯಿಯ ಒತ್ತಾಸೆಯಿಂದ ಹದಿನಾರು ವರ್ಷದ ಮಗ ತಂದೆಯ ಹಾಡುಗಳನ್ನೂ, ಹಾಸ್ಯದ ಮಾತುಗಳನ್ನೂ, ಕೊನೆಗೆ ವೇಷವನ್ನೂ ಹೊತ್ತು ರಂಗಕ್ಕೆ ಬಂದದ್ದು 1921ರಲ್ಲಿ, ಅರ್ಲ್ಸ್‌ಟೌನ್ ಎಂಬ ಸಣ್ಣ ಊರಿನ ಹಿಪೊಡ್ರೋಮ್ ರಂಗಮಂದಿರದಲ್ಲಿ. ತಂದೆಯ ಹೆಸರಿಗೆ ಕುಂದು ಬರಬಾರದೆಂದು ಮೊದಮೊದಲು ಅವರು ತಾಯಿಯ ತವರಿನ ಹೆಸರಾದ ಹೋಯ್ ಎಂಬುದನ್ನೇ ಬಳಸಿದರು. ಆ ಎಚ್ಚರಿಕೆ ಸರಿಯಾಗಿಯೇ ಇತ್ತು, ಏಕೆಂದರೆ ಜನ ಅವರನ್ನು ಒಪ್ಪಲಿಲ್ಲ. ಕೂಗಿ ಇಳಿಸಿದ ಊರುಗಳಿದ್ದವು, ಕೆಲಸವಿಲ್ಲದ ವಾರಗಳಿದ್ದವು. ಸತ್ತ ಕಲಾವಿದನೊಬ್ಬನ ನಡಿಗೆ, ನೋಟ, ಮಾತಿನ ಧಾಟಿ ಎಲ್ಲವನ್ನೂ ಎರವಲು ತಂದ ಹುಡುಗನಲ್ಲಿ ಪ್ರೇಕ್ಷಕರಿಗೆ ಕಂಡದ್ದು ನಕಲು ಮಾತ್ರ. 1926ರಲ್ಲಿ ಅವರು ಮಾಡಿದ ಮೊದಲ ಧ್ವನಿಮುದ್ರಣಗಳೂ ತಂದೆಯ ಹಾಡುಗಳೇ, ಅವು ಮಾರಾಟವಾಗಲಿಲ್ಲ. ಇಂದು ಅವನ್ನು ಕೇಳಿದರೆ ಹಾಡುತ್ತಿರುವುದು ಯಾರು ಎಂದು ಗುರುತಿಸುವುದೇ ಕಷ್ಟವಾಗುತ್ತದೆ.

ಈ ನಕಲಿನಿಂದ ಅವರನ್ನು ಹೊರಗೆ ತಂದದ್ದು ಎರಡು ಸಂಗತಿಗಳು, ಮತ್ತು ಅವೆರಡೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಒಂದು ಯುಕುಲೇಲೆ ಬ್ಯಾಂಜೊ. ಬಿಡುವಿನ ವೇಳೆಯಲ್ಲಿ ಅದನ್ನು ನುಡಿಸುತ್ತಿದ್ದ ಅವರು ಬಾರ್ನ್ಸ್‌ಲಿಯ ಆಲ್ಹಾಂಬ್ರಾ ರಂಗಮಂದಿರದಲ್ಲಿ ಜೊತೆಯ ಕಲಾವಿದರ ಪಂಥಕ್ಕೆ ಒಪ್ಪಿ ಅದನ್ನು ರಂಗದ ಮೇಲೆ ನುಡಿಸಿದರಂತೆ, ಸಭೆ ಮೊದಲ ಬಾರಿಗೆ ಮನಃಪೂರ್ವಕವಾಗಿ ಚಪ್ಪಾಳೆ ತಟ್ಟಿತಂತೆ. ಇನ್ನೊಂದು ಬೆರಿಲ್ ಇಂಗಮ್. ಮರದ ಪಾದರಕ್ಷೆ ತೊಟ್ಟು ಕುಣಿಯುವ ಕ್ಲಾಗ್ ನೃತ್ಯದಲ್ಲಿ ಬಾಲ್ಯದಲ್ಲೇ ಹೆಸರು ಮಾಡಿ, ಸಹೋದರಿಯೊಂದಿಗೆ ಜೋಡಿ ನರ್ತಕಿಯಾಗಿ ಊರೂರು ಸುತ್ತುತ್ತಿದ್ದ ಬೆರಿಲ್‌ಗೆ ಈ ಹುಡುಗನ ಪ್ರದರ್ಶನ ಮೊದಲ ನೋಟಕ್ಕೆ ಕಿಂಚಿತ್ತೂ ಹಿಡಿಸಿರಲಿಲ್ಲ. ಆದರೂ 1924ರ ಸೆಪ್ಟೆಂಬರಿನಲ್ಲಿ ಇಬ್ಬರ ಮದುವೆಯಾಯಿತು. ಆಕೆ ಮಾಡಿದ ಮೊದಲ ಕೆಲಸವೆಂದರೆ ಜಾನ್ ವಿಲ್ಲಿಯ ಹರಕು ಬಟ್ಟೆಗಳನ್ನು ಬಿಡಿಸಿ ಗಂಡನಿಗೆ ಅಚ್ಚುಕಟ್ಟಾದ ಕರಿಯ ಸೂಟು ತೊಡಿಸಿದ್ದು. ಪೆದ್ದನ ವೇಷ ಹೋಯಿತು, ಪೆದ್ದನ ಮುಗ್ಧತೆ ಉಳಿಯಿತು. ಶುಭ್ರವಾದ ಸೂಟಿನಲ್ಲಿ ನಿಂತ, ದೊಡ್ಡ ಹಲ್ಲುಗಳ, ಅಚ್ಚ ಲ್ಯಾಂಕಾಶೈರ್ ಧಾಟಿಯ ಹುಡುಗ ಕೈಯಲ್ಲಿ ಪುಟ್ಟ ವಾದ್ಯ ಹಿಡಿದು ನಗುವುದನ್ನು ಕಂಡಾಗ ಜನರಿಗೆ ಅವರ ತಂದೆಯ ನೆನಪು ಬರುವುದು ನಿಂತುಹೋಯಿತು.

ವಾದ್ಯದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಯುಕುಲೇಲೆ ಬ್ಯಾಂಜೊ ಎಂದರೆ ಯುಕುಲೇಲೆಯ ಗಿಡ್ಡ ಕುತ್ತಿಗೆ ಮತ್ತು ನಾಲ್ಕು ತಂತಿಗಳನ್ನು ಬ್ಯಾಂಜೊದ ಚರ್ಮ ಬಿಗಿದ ದುಂಡು ಒಡಲಿಗೆ ಜೋಡಿಸಿದ ವಾದ್ಯ. ಮರದ ಯುಕುಲೇಲೆಯ ಮೃದುವಾದ ದನಿ ದೊಡ್ಡ ರಂಗಮಂದಿರದ ಹಿಂದಿನ ಸಾಲಿಗೆ ಮುಟ್ಟುವುದಿಲ್ಲ. ಚರ್ಮದ ಒಡಲು ಅದೇ ತಂತಿಗಳ ನಾದವನ್ನು ಗಟ್ಟಿಯಾಗಿ, ಚುರುಕಾಗಿ ಎಸೆಯುತ್ತದೆ. ನಾದ ಹುಟ್ಟಿದ ಕೂಡಲೇ ಆರಿಹೋಗುವುದರಿಂದ ಪ್ರತಿ ಹೊಡೆತವೂ ಬಿಡಿಬಿಡಿಯಾಗಿ ಕೇಳಿಸುತ್ತದೆ, ವಾದ್ಯ ಅರ್ಧ ತಂತಿವಾದ್ಯವಾಗಿ ಅರ್ಧ ತಾಳವಾದ್ಯವಾಗಿ ಕೆಲಸ ಮಾಡುತ್ತದೆ. ಫಾರ್ಮ್‌ಬಿ ಇದರ ತಾಳವಾದ್ಯದ ಗುಣವನ್ನೇ ಹಿಡಿದರು. ಅವರ ಎಡಗೈ ಹಿಡಿಯುವ ಸ್ವರಮೇಳಗಳು ಸರಳವಾದವು. ಕಲಿಯುವವನು ಅವನ್ನು ಬೇಗನೆ ಕಲಿತುಬಿಡಬಹುದು. ಬಲಗೈಯ ವಿಷಯ ಬೇರೆ. ‘ಸ್ಪ್ಲಿಟ್ ಸ್ಟ್ರೋಕ್’ ಎಂದು ಈಗ ಕರೆಯುವ ಅವರ ಹೊಡೆತದಲ್ಲಿ ಬೆರಳು ಎಲ್ಲ ತಂತಿಗಳನ್ನೂ ಒಮ್ಮೆಗೇ ಸವರಿ ಹೋಗುವುದಿಲ್ಲ. ಕೆಳಮುಖದ ಹೊಡೆತ ಒಂದು ಅಂಚಿನ ತಂತಿಯ ಮೇಲೆ, ಮೇಲ್ಮುಖದ ಹೊಡೆತ ಇನ್ನೊಂದು ಅಂಚಿನ ತಂತಿಯ ಮೇಲೆ ಬಿದ್ದು, ಒತ್ತು ತಾಳದ ನಿರೀಕ್ಷಿತ ಜಾಗದಿಂದ ಸದಾ ಆಚೀಚೆ ಸರಿಯುತ್ತಿರುತ್ತದೆ. ಕೇಳುವವನಿಗೆ ಇಬ್ಬರು ನುಡಿಸುತ್ತಿರುವಂತೆ ಭಾಸವಾಗುತ್ತದೆ. ಈ ಸರಿದಾಟದ ನಡುವೆಯೂ ಲಯ ಒಂದು ಕೂದಲೆಳೆಯಷ್ಟೂ ಓಡುವುದಿಲ್ಲ, ಹಿಂದೆ ಬೀಳುವುದಿಲ್ಲ.

ಅವರು ಸಂಗೀತವನ್ನು ಶಾಸ್ತ್ರವಾಗಿ ಕಲಿತವರಲ್ಲ, ಸ್ವರಲಿಪಿ ಓದಲು ಅವರಿಗೆ ಬರುತ್ತಿರಲಿಲ್ಲ. ಶ್ರುತಿ ಬದಲಾದರೆ ಅದಕ್ಕೆ ತಕ್ಕಂತೆ ಬೆರಳುಗಳ ಜಾಗ ಬದಲಿಸಿ ನುಡಿಸುವುದನ್ನು ಅವರು ರೂಢಿಸಿಕೊಳ್ಳಲೇ ಇಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾಗಿತ್ತು: ಬೇರೆ ಬೇರೆ ಶ್ರುತಿಗೆ ಕೂಡಿಸಿದ ಹಲವು ವಾದ್ಯಗಳನ್ನು ರಂಗದ ಮೇಲೆ ಇಟ್ಟುಕೊಂಡು, ಹಾಡಿಗೆ ತಕ್ಕ ವಾದ್ಯವನ್ನು ಎತ್ತಿಕೊಳ್ಳುವುದು. ಇದನ್ನು ಅವರ ಕೊರತೆ ಎಂದು ಎತ್ತಿ ಆಡುವವರಿದ್ದಾರೆ. ಎಡಗೈಯ ಚಿಂತೆಯನ್ನೆಲ್ಲ ಹೀಗೆ ಇಳಿಸಿಕೊಂಡ ಕಾರಣಕ್ಕೇ ಬಲಗೈಗೆ ಅಷ್ಟು ಸ್ವಾತಂತ್ರ್ಯ ಸಿಕ್ಕಿತು ಎಂದು ನನಗೆ ಅನ್ನಿಸುತ್ತದೆ.

1932ರಲ್ಲಿ ಡೆಕ್ಕಾ ಸಂಸ್ಥೆಗಾಗಿ ಜ್ಯಾಕ್ ಹಿಲ್ಟನ್ ಅವರ ವಾದ್ಯವೃಂದದೊಂದಿಗೆ ಮಾಡಿದ ಧ್ವನಿಮುದ್ರಿಕೆ ಅವರಿಗೆ ಮೊದಲ ಯಶಸ್ಸು ತಂದಿತು. ಅಲ್ಲಿಂದ ಮುಂದೆ ಅವರ ಹಾಡುಗಳಿಗೆ ಒಂದು ಖಚಿತವಾದ ಅಚ್ಚು ಸಿದ್ಧವಾಯಿತು. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷಗಳ ಅವಕಾಶ. ಅದರಲ್ಲಿ ಒಬ್ಬ ಬಡಪಾಯಿ ಹುಡುಗನ ಕಥೆ ಎರಡು ಮೂರು ನುಡಿಗಳಲ್ಲಿ ಬರುತ್ತದೆ, ಪ್ರತಿ ನುಡಿಯ ಕೊನೆಗೂ ತುಂಟತನದ ಒಂದು ತಿರುವು ಇರುತ್ತದೆ, ಆಮೇಲೆ ಹಾಡು ನಿಂತು ವಾದ್ಯ ಒಂಟಿಯಾಗಿ ಮುಂದಕ್ಕೆ ಬರುತ್ತದೆ, ಕೊನೆಗೆ ಮತ್ತೊಂದು ನುಡಿ. ಆ ನಡುವಿನ ವಾದನಕ್ಕಾಗಿಯೇ ನಾನು ಇಂದಿಗೂ ಈ ತಟ್ಟೆಗಳನ್ನು ಕೇಳುತ್ತೇನೆ. ಹಾಸ್ಯದ ಸಾಲು ತನ್ನ ಕೆಲಸ ಮುಗಿಸಿ ಸುಮ್ಮನಾದ ಮೇಲೆ ಬರುವ ಎರಡನೆಯ ಅಚ್ಚರಿ ಅದು; ಅದರ ಕಾವು ಎಷ್ಟು ಸಲ ಕೇಳಿದರೂ ತಣಿಯುವುದಿಲ್ಲ. ಇನ್ನೂರಕ್ಕೂ ಹೆಚ್ಚು ಹಾಡುಗಳನ್ನು ಅವರು ಧ್ವನಿಮುದ್ರಿಸಿದರು. ಇವುಗಳಲ್ಲಿ ಹಲವನ್ನು ಬರೆದವರು ಹ್ಯಾರಿ ಗಿಫರ್ಡ್ ಮತ್ತು ಫ್ರೆಡ್ ಕ್ಲಿಫ್ ಎಂಬ ಜೋಡಿ. ಫಾರ್ಮ್‌ಬಿ ಅವರ ಹೆಸರೂ ಸಹಲೇಖಕರೆಂದು ಅನೇಕ ಕಡೆ ಸೇರಿಕೊಂಡಿದೆ, ಆದರೆ ಬರವಣಿಗೆಯ ಶ್ರೇಯಸ್ಸು ನಿಜವಾಗಿ ಸಲ್ಲಬೇಕಾದದ್ದು ಆ ಜೋಡಿಗೆ.

ಈ ಹಾಡುಗಳಲ್ಲಿ ದ್ವಂದ್ವಾರ್ಥವಿದೆ, ಧಾರಾಳವಾಗಿಯೇ ಇದೆ. 1936ರ ಚಿತ್ರವೊಂದಕ್ಕಾಗಿ ಹಾಡಿದ ‘ವೆನ್ ಐಯಾಮ್ ಕ್ಲೀನಿಂಗ್ ವಿಂಡೋಸ್’ ಇದಕ್ಕೆ ಹೆಸರಾದದ್ದು. ಕಿಟಕಿ ಒರೆಸುವ ಹುಡುಗ ಏಣಿಯ ಮೇಲಿಂದ ಒಳಗಿನ ಸಂಸಾರಗಳನ್ನು ಕಂಡು ವರದಿ ಮಾಡುತ್ತಾನೆ, ಅಷ್ಟೇ. ಬಿ.ಬಿ.ಸಿ.ಯ ಮುಖ್ಯಸ್ಥರಾಗಿದ್ದ ಜಾನ್ ರೀತ್ ಈ ಹಾಡನ್ನು ಅಸಹ್ಯವೆಂದು ಕರೆದು ರೇಡಿಯೋದಿಂದ ದೂರವಿಟ್ಟರು. 1941ರಲ್ಲಿ ವಿಂಡ್ಸರ್‌ನಲ್ಲಿ ರಾಜಕುಟುಂಬದ ಎದುರು ಫಾರ್ಮ್‌ಬಿ ಅದೇ ಹಾಡನ್ನು ಕತ್ತರಿ ಪ್ರಯೋಗವಿಲ್ಲದೆ ಹಾಡಿದಾಗ ಅಲ್ಲಿ ಯಾರೂ ಮುಖ ಸಿಂಡರಿಸಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಅವರ ಹಾಡುವ ರೀತಿ. ತುಂಟ ಸಾಲನ್ನು ಒತ್ತಿ ಹೇಳಿ, ಕಣ್ಣು ಮಿಟುಕಿಸಿ, ಕೇಳುವವನನ್ನು ತಿವಿಯುವ ಹಾಡುಗಾರರು ಅಂದಿನ ರಂಗದಲ್ಲಿ ಬೇಕಾದಷ್ಟಿದ್ದರು. ಫಾರ್ಮ್‌ಬಿ ಅಂಥ ಸಾಲನ್ನು ಹಾಡುವಾಗ ತಾನು ಏನು ಹೇಳಿದೆನೆಂದು ತನಗೇ ಪೂರ್ತಿ ತಿಳಿಯದವನಂತೆ ಹಾಡುತ್ತಿದ್ದರು. ಎತ್ತರದ, ತುಸು ಮೂಗಿನ, ಬಾಲಕನಂಥ ಆ ಕಂಠದಲ್ಲಿ ಲಂಪಟತನದ ಸುಳಿವೇ ಇಲ್ಲ. ಅರ್ಥ ಮಾಡಿಕೊಂಡ ಅಪರಾಧ ಕೇಳುಗನದಾಗುತ್ತಿತ್ತು. ಈ ಮುಗ್ಧತೆ ಅಭಿನಯವೇ ಆಗಿದ್ದರೆ ಅದು ಬಹಳ ದೊಡ್ಡ ಅಭಿನಯ.

ಸಿನಿಮಾದ ಬಗ್ಗೆ ಹೆಚ್ಚು ಹೇಳುವ ಆಸೆ ನನಗಿಲ್ಲ. 1934ರಿಂದ 1946ರವರೆಗೆ ಅವರು ನಾಯಕರಾಗಿ 20 ಚಿತ್ರಗಳಲ್ಲಿ ನಟಿಸಿದರು. ಮೊದಲನೆಯದನ್ನು ಲಂಡನ್ನಿನ ಗ್ಯಾರೇಜೊಂದರ ಮೇಲಿದ್ದ ಇಕ್ಕಟ್ಟಾದ ಸ್ಟುಡಿಯೋದಲ್ಲಿ ಅತಿ ಕಡಿಮೆ ಹಣದಲ್ಲಿ ಮುಗಿಸಲಾಯಿತು; ಆದರೂ ಉತ್ತರ ಇಂಗ್ಲೆಂಡಿನಲ್ಲಿ ಅದು ಚೆನ್ನಾಗಿ ಓಡಿದ್ದನ್ನು ಕಂಡು ನಿರ್ಮಾಪಕ ಬೇಸಿಲ್ ಡೀನ್ ಅವರು ಫಾರ್ಮ್‌ಬಿಯನ್ನು ಈಲಿಂಗ್ ಸ್ಟುಡಿಯೋಗೆ ಕರೆತಂದರು. ಕಥೆ ಪ್ರತಿ ಸಲವೂ ಒಂದೇ: ಸಾಧಾರಣ ಕೆಲಸದ ಹುಡುಗ, ಅವನ ಮೇಲೆ ಬೀಳುವ ಅಪಾಯಗಳು, ಕೊನೆಗೆ ಗೆಲುವು ಮತ್ತು ಹುಡುಗಿ, ನಡುವೆ ಮೂರು ನಾಲ್ಕು ಹಾಡುಗಳು. ಐಲ್ ಆಫ್ ಮ್ಯಾನ್‌ನ ಮೋಟಾರ್ ಸೈಕಲ್ ಪಂದ್ಯದ ಸುತ್ತ ಹೆಣೆದ 1935ರ ಚಿತ್ರ ಇವುಗಳಲ್ಲಿ ಉತ್ತಮವೆಂದು ನನ್ನ ಎಣಿಕೆ, ಏಕೆಂದರೆ ವೇಗದ ವಾಹನಗಳ ಮೇಲೆ ಅವರಿಗಿದ್ದ ನಿಜವಾದ ಪ್ರೀತಿ ಅಲ್ಲಿ ಕಾಣುತ್ತದೆ. 1930ರ ದಶಕ ಮುಗಿಯುವ ಹೊತ್ತಿಗೆ ಅವರು ಬ್ರಿಟನ್ನಿನ ಅತ್ಯಂತ ಜನಪ್ರಿಯ, ಅತಿ ಹೆಚ್ಚು ಸಂಭಾವನೆಯ ಮನರಂಜಕರಲ್ಲಿ ಒಬ್ಬರಾಗಿದ್ದರು.

ಎರಡನೆಯ ಮಹಾಯುದ್ಧ ಅವರ ಕೆಲಸಕ್ಕೆ ಬೇರೆಯೇ ತೂಕ ತಂದಿತು. ಸೈನಿಕರ ಮನರಂಜನೆಗಾಗಿ ಡೀನ್ ಅವರ ನೇತೃತ್ವದಲ್ಲೇ ನಡೆಯುತ್ತಿದ್ದ ಎನ್ಸಾ ಸಂಸ್ಥೆಯ ಪರವಾಗಿ ಫಾರ್ಮ್‌ಬಿ ಮತ್ತು ಬೆರಿಲ್ 1940ರಲ್ಲಿ ಫ್ರಾನ್ಸಿಗೆ ಹೋದರು, ಆಮೇಲೆ ಉತ್ತರ ಆಫ್ರಿಕಾ, ಇಟಲಿ, ಮತ್ತು 1944ರ ಇಳಿದಾಳಿಯ ನಂತರ ನಾರ್ಮಂಡಿ. ನಾರ್ಮಂಡಿಯಲ್ಲಿ ಅವರು ರಂಗಸಜ್ಜಿಕೆಯಿಲ್ಲದೆ, ಮುಂಚೂಣಿಯ ಸೈನಿಕರಿದ್ದ ಜಾಗಕ್ಕೇ ಹೋಗಿ ಸಣ್ಣ ಸಣ್ಣ ಗುಂಪುಗಳ ಎದುರು ಹಾಡಿದರು. ನಾಲ್ಕು ತಂತಿಯ ಪುಟ್ಟ ವಾದ್ಯದ ನಿಜವಾದ ಬೆಲೆ ಇಂಥಲ್ಲಿ ಗೊತ್ತಾಗುತ್ತದೆ: ಪಿಯಾನೊ ಬೇಡ, ವಾದ್ಯವೃಂದ ಬೇಡ, ಮೈಕು ಬೇಡ, ಕಂದಕದ ಅಂಚಿನಲ್ಲಿ ನಿಂತರೂ ಹಾಡು ಪೂರ್ಣವಾಗಿಯೇ ಇರುತ್ತದೆ. ಯುದ್ಧದ ವರ್ಷಗಳಲ್ಲಿ ಅವರ ಕಾರ್ಯಕ್ರಮ ನೋಡಿದ ಯೋಧರ ಸಂಖ್ಯೆ 30 ಲಕ್ಷ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಯುದ್ಧಕಾಲದ ಅವರ ಹಾಡುಗಳಲ್ಲಿ ವೀರಾವೇಶವಿಲ್ಲ, ಕರ್ತವ್ಯದ ಉಪದೇಶವಿಲ್ಲ. ಫ್ರಾನ್ಸಿನ ಮ್ಯಾಜಿನೋ ಎಂಬ ಕೋಟೆಸಾಲಿನ ಗಡಿರೇಖೆಯಲ್ಲಿ ಚಳಿ ಕಾಯುತ್ತಾ ಬೇಸತ್ತ ಸಿಪಾಯಿಯ ಗೊಣಗಾಟವೇ ಅಲ್ಲಿ ಹಾಡಿನ ವಸ್ತು. 1940ರ ಚಿತ್ರವೊಂದರ ಕನಸಿನ ದೃಶ್ಯದಲ್ಲಿ ಅವರು ಹಿಟ್ಲರನ ಮುಖಕ್ಕೇ ಗುದ್ದುತ್ತಾರೆ. ಬಾಂಬುಗಳಿಗೆ ಹೆದರಿ ಬದುಕುತ್ತಿದ್ದ ಜನರಿಗೆ ತಮ್ಮಂಥವನೇ ಆದ ಒಬ್ಬ ಸಾಮಾನ್ಯ ಹುಡುಗ ಆ ಗುದ್ದು ಕೊಟ್ಟದ್ದು ಎಷ್ಟು ಹಿತವಾಗಿದ್ದಿರಬೇಕು ಎಂಬುದನ್ನು ಊಹಿಸಬಹುದು. 1946ರಲ್ಲಿ ಅವರಿಗೆ ಓ.ಬಿ.ಇ. ಎಂಬ ಬ್ರಿಟಿಷ್ ರಾಜಗೌರವ ದೊರೆಯಿತು.

ಅದೇ ವರ್ಷ ಅವರು ದಕ್ಷಿಣ ಆಫ್ರಿಕಾ ಪ್ರವಾಸ ಕೈಗೊಂಡಾಗ ನಡೆದ ಪ್ರಸಂಗವನ್ನು ಬಿಟ್ಟರೆ ಅವರ ಚಿತ್ರ ಅಪೂರ್ಣವಾಗುತ್ತದೆ. ಬಿಳಿಯರಿಗೆ ಮಾತ್ರ ಪ್ರವೇಶವಿದ್ದ ಸಭಾಂಗಣಗಳಿಗೆ ಸೀಮಿತವಾಗಲು ದಂಪತಿಗಳು ಒಪ್ಪಲಿಲ್ಲ. ಕಪ್ಪು ಜನರ ಎದುರೂ ಕಾರ್ಯಕ್ರಮ ನೀಡಿದರು. ಒಂದು ಕಡೆ ಕಪ್ಪು ಹುಡುಗಿಯೊಬ್ಬಳು ಬೆರಿಲ್‌ಗೆ ಚಾಕೊಲೇಟ್ ಪೆಟ್ಟಿಗೆ ತಂದುಕೊಟ್ಟಾಗ ಇಬ್ಬರೂ ಅವಳನ್ನು ಅಪ್ಪಿ ಮುದ್ದಿಸಿದ್ದು ಅಲ್ಲಿನ ನ್ಯಾಷನಲ್ ಪಕ್ಷದ ನಾಯಕ ಡೇನಿಯಲ್ ಮಲಾನ್ ಅವರಿಗೆ ಸಹಿಸಲಾಗಲಿಲ್ಲ. ಫೋನಿನಲ್ಲಿ ಆಕ್ಷೇಪಿಸಿದ ಅವರನ್ನು ಬೆರಿಲ್ ಮುದ್ರಿಸಲಾಗದಂಥ ಮಾತಿನಲ್ಲಿ ತೊಲಗೆಂದು ಹೇಳಿ ಬಾಯಿ ಮುಚ್ಚಿಸಿದರೆಂದು ಪ್ರಸಿದ್ಧವಾಗಿದೆ. ಎರಡು ವರ್ಷಗಳ ನಂತರ ಪ್ರಧಾನಿಯಾಗಿ ವರ್ಣಭೇದ ನೀತಿಯನ್ನು ಕಾನೂನಾಗಿಸಿದವರು ಇದೇ ಮಲಾನ್.

ಬೆರಿಲ್ ಅವರ ಬಗ್ಗೆ ಕಠಿಣವಾಗಿ ಬರೆದವರೇ ಹೆಚ್ಚು. ಗಂಡನಿಗೆ ದಿನದ ಕೈಖರ್ಚಿಗೆ ಇಂತಿಷ್ಟೇ ಎಂದು ಚಿಲ್ಲರೆ ಕೊಡುತ್ತಿದ್ದರು, ಚಿತ್ರೀಕರಣದಲ್ಲಿ ನಾಯಕಿಯರು ಅವರ ಹತ್ತಿರ ಸುಳಿಯದಂತೆ ಕಾವಲು ನಿಲ್ಲುತ್ತಿದ್ದರು, ನಿರ್ಮಾಪಕರೊಂದಿಗೆ ಒಂದೊಂದು ಪೌಂಡಿಗೂ ಜಗಳವಾಡುತ್ತಿದ್ದರು ಎಂಬ ಕಥೆಗಳು ಬೇಕಾದಷ್ಟಿವೆ. ಅವು ಸುಳ್ಳಲ್ಲದಿರಬಹುದು, ಆ ದಾಂಪತ್ಯ ಸುಖದ್ದಾಗಿರಲಿಲ್ಲ ಎಂಬುದಂತೂ ಸ್ಪಷ್ಟ. ಆದರೆ ಬರೆದದ್ದನ್ನು ಸರಿಯಾಗಿ ಓದಲಾರದ, ಕರಾರುಪತ್ರ ಅರ್ಥವಾಗದ, ಯಾರಿಗೂ ಇಲ್ಲವೆನ್ನಲು ಬಾರದ ಒಬ್ಬ ಕಲಾವಿದ ಆ ಕಾಲದ ರಂಗಮಂದಿರದ ಮಾಲೀಕರ ಮತ್ತು ಚಿತ್ರೋದ್ಯಮಿಗಳ ಕೈಗೆ ಒಂಟಿಯಾಗಿ ಸಿಕ್ಕಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಯೋಚಿಸಬೇಕು. ಬೆರಿಲ್ ತಾವೇ ಒಳ್ಳೆಯ ನರ್ತಕಿಯಾಗಿದ್ದರು. ತಮ್ಮ ಕುಣಿತವನ್ನು ಬದಿಗಿಟ್ಟು ಗಂಡನ ಹೆಸರನ್ನು ಕಟ್ಟಿದರು. ರಂಗದ ಮೇಲೆ ಫಾರ್ಮ್‌ಬಿ ಅಷ್ಟು ನಿಶ್ಚಿಂತರಾಗಿ ನಗಲು ಸಾಧ್ಯವಾದದ್ದು ಪರದೆಯ ಹಿಂದೆ ಆಕೆ ನಿಷ್ಠುರವಾಗಿ ನಿಂತದ್ದರಿಂದ. ಬೆರಿಲ್‌ಗೆ ಸಿಗಬೇಕಾದ ಮನ್ನಣೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಯುದ್ಧ ಮುಗಿದ ಮೇಲೆ ಚಿತ್ರಗಳಿಗೆ ಬೇಡಿಕೆ ಕುಸಿಯಿತು, ಆದರೆ ರಂಗದ ಮೇಲಿನ ಅವರ ಹಿಡಿತ ಸಡಿಲವಾಗಲಿಲ್ಲ. 1951ರಲ್ಲಿ ಲಂಡನ್ನಿನ ಪ್ಯಾಲೇಸ್ ರಂಗಮಂದಿರದ ಸಂಗೀತ ನಾಟಕವೊಂದರಲ್ಲಿ ಅವರು ದೊಡ್ಡ ಗೆಲುವು ಕಂಡರು. ಮರುವರ್ಷವೇ ಹೃದಯಾಘಾತವಾಗಿ ಆ ಪಾತ್ರವನ್ನು ಬಿಡಬೇಕಾಯಿತು. ಅಲ್ಲಿಂದ ಮುಂದೆ ಆರೋಗ್ಯ ಕೈಕೊಡುತ್ತಲೇ ಹೋಯಿತು. 1960ರ ಡಿಸೆಂಬರಿನಲ್ಲಿ, ಒಮ್ಮೆ ತಮ್ಮ ಹಾಡನ್ನು ದೂರವಿಟ್ಟಿದ್ದ ಅದೇ ಬಿ.ಬಿ.ಸಿ.ಯ ದೂರದರ್ಶನದಲ್ಲಿ ಅವರು ಒಂಟಿಯಾಗಿ ಒಂದು ಕಾರ್ಯಕ್ರಮ ನಡೆಸಿಕೊಟ್ಟು, ತಮ್ಮ ಬದುಕಿನ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡಿದರು. ಅದಾದ ಕೆಲವೇ ದಿನಗಳಿಗೆ, ಕ್ರಿಸ್ಮಸ್‌ನ ಹಿಂದಿನ ದಿನ, ಬ್ರಿಸ್ಟಲ್‌ನಲ್ಲಿ ಪ್ಯಾಂಟೊಮೈಮ್ ಎಂಬ ಕ್ರಿಸ್ಮಸ್ ಕಾಲದ ಹಾಸ್ಯ-ಸಂಗೀತ ನಾಟಕ ಆರಂಭವಾಗುವ ಹೊತ್ತಿನಲ್ಲಿ ಬೆರಿಲ್ ಅವರ ಸ್ಥಿತಿ ಕೈಮೀರಿದೆ ಎಂಬ ಸುದ್ದಿ ಬಂತು. ಫಾರ್ಮ್‌ಬಿ ಆ ರಾತ್ರಿ ಪ್ರದರ್ಶನ ನೀಡಿದರು. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಬೆರಿಲ್ ತೀರಿಕೊಂಡರು. ಎರಡು ತಿಂಗಳಲ್ಲಿ ಫಾರ್ಮ್‌ಬಿ ಶಾಲಾ ಶಿಕ್ಷಕಿಯೊಬ್ಬರೊಂದಿಗೆ ಮದುವೆಯ ನಿಶ್ಚಿತಾರ್ಥ ಘೋಷಿಸಿದರು, ಆದರೆ 1961ರ ಮಾರ್ಚ್ 6ರಂದು ಹೃದಯಾಘಾತದಿಂದ ತಾವೂ ತೀರಿಕೊಂಡರು. ವಾರಿಂಗ್ಟನ್‌ನ ಸ್ಮಶಾನದವರೆಗೆ ಸಾಗಿದ ಶವಯಾತ್ರೆಯನ್ನು ನೋಡಲು ರಸ್ತೆಯುದ್ದಕ್ಕೂ ಸುಮಾರು ಒಂದೂವರೆ ಲಕ್ಷ ಜನ ನಿಂತಿದ್ದರೆಂದು ಅಂದಾಜು. ತಂದೆಯ ಸಮಾಧಿಯಲ್ಲೇ ಅವರನ್ನೂ ಹೂಳಲಾಯಿತು.

ಅವರ ಹಾಡುಗಳೆಲ್ಲವೂ ಇಂದು ಒಪ್ಪುವಂಥವಲ್ಲ. ಮಿಸ್ಟರ್ ವೂ ಎಂಬ ಚೀನೀ ಲಾಂಡ್ರಿಯವನನ್ನು ಕುರಿತು ಅವರು ಹಾಡಿದ ಹಲವು ಹಾಡುಗಳು, 1932ರ ಆ ಮೊದಲ ಯಶಸ್ಸೂ ಸೇರಿದಂತೆ, ಒಂದು ಜನಾಂಗದ ಬಗ್ಗೆ ಅಂದಿನ ಸಮಾಜಕ್ಕಿದ್ದ ಸಲೀಸಾದ ತಿರಸ್ಕಾರವನ್ನೇ ಉಂಡು ಬೆಳೆದವು. ದಕ್ಷಿಣ ಆಫ್ರಿಕಾದಲ್ಲಿ ಅಷ್ಟು ದಿಟ್ಟವಾಗಿ ನಡೆದುಕೊಂಡ ಮನುಷ್ಯನಿಗೆ ಇದು ಕಾಣಲಿಲ್ಲವೇ ಎಂದು ನನಗೆ ನೋವಾಗುತ್ತದೆ. ಆ ತಟ್ಟೆಗಳಲ್ಲಿಯೂ ವಾದನ ಅದ್ಭುತವಾಗಿದೆ. ಅದರಿಂದ ಸಾಹಿತ್ಯದ ದೋಷ ಮಾಫಿಯಾಗುವುದಿಲ್ಲ.

ಅವರು ತೀರಿಕೊಂಡ ವರ್ಷವೇ ಅಭಿಮಾನಿಗಳು ಸ್ಥಾಪಿಸಿದ ಜಾರ್ಜ್ ಫಾರ್ಮ್‌ಬಿ ಸೊಸೈಟಿ ಬ್ಲ್ಯಾಕ್‌ಪೂಲ್‌ನಲ್ಲಿ ಸಮಾವೇಶಗಳನ್ನು ನಡೆಸುತ್ತಾ ಬಂದಿದೆ. ಅಲ್ಲಿ ಸೇರುವವರು ಹಳೆಯ ತಟ್ಟೆಗಳಿಂದ ಅವರ ಒಂಟಿವಾದನಗಳನ್ನು ಒಂದೊಂದೇ ಹೊಡೆತವಾಗಿ ಬಿಡಿಸಿ ಕಲಿಯುತ್ತಾರೆ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1991ರಲ್ಲಿ ಆ ಸಮಾವೇಶಕ್ಕೆ ಬಂದು ವೇದಿಕೆಯ ಮೇಲೆ ಯುಕುಲೇಲೆ ನುಡಿಸಿದ್ದರು. ಫಾರ್ಮ್‌ಬಿ ಅವರನ್ನು ಈವರೆಗೆ ಕೇಳದವರಿಗೆ ನನ್ನ ಸಲಹೆ ಇದು: ಮೊದಲು ಕಿಟಕಿ ಒರೆಸುವವನ ಹಾಡನ್ನು ಅದರ ಮಾತುಗಳಿಗಾಗಿ ಒಮ್ಮೆ ಕೇಳಿ, ಆಮೇಲೆ ದೀಪದ ಕಂಬಕ್ಕೆ ಒರಗಿ ಹುಡುಗಿಗಾಗಿ ಕಾಯುವವನನ್ನು ಕುರಿತು 1937ರಲ್ಲಿ ಧ್ವನಿಮುದ್ರಿಸಿದ ‘ಲೀನಿಂಗ್ ಆನ್ ಎ ಲ್ಯಾಂಪ್‌ಪೋಸ್ಟ್’ ಕೇಳಿ, ಏಕೆಂದರೆ ಅದರಲ್ಲಿ ದ್ವಂದ್ವಾರ್ಥವೇ ಇಲ್ಲ, ಆ ಕಂಠ ಪ್ರೀತಿಯನ್ನು ಹೇಗೆ ಹೇಳಬಲ್ಲದು ಎಂಬುದು ಅಲ್ಲಿ ತಿಳಿಯುತ್ತದೆ. ಆ ಬಳಿಕ ಮೊದಲನೆಯದಕ್ಕೆ ಮರಳಿ, ನಡುವೆ ಹಾಡು ನಿಂತು ವಾದ್ಯ ಮಾತ್ರ ಉಳಿಯುವ ಭಾಗದಲ್ಲಿ ಕಾಲಿನಿಂದ ತಾಳ ಹಾಕುತ್ತಾ, ಅವರ ಒತ್ತುಗಳು ನಿಮ್ಮ ತಾಳದ ಮೇಲೆ ಎಷ್ಟು ಸಲ ಬೀಳುತ್ತವೆ, ಎಷ್ಟು ಸಲ ತಪ್ಪಿಸಿಕೊಳ್ಳುತ್ತವೆ ಎಂಬುದನ್ನು ಎಣಿಸಲು ಪ್ರಯತ್ನಿಸಿ.